ಲಿಫ್ಟ್ ಕಿಟ್ ಹಾಕಿಸುವ ಮುಂಚೆ ಗಾಡಿಯಡಿ ಒಮ್ಮೆ ಮಲಗಿ ನೋಡಿ

ನನ್ನ ರೂಮ್‌ಮೇಟ್‌ ಮನೆ ಕಾರ್ಕಳದಿಂದ ಮುಂದೆ, ಮಾಳದ ಕಡೆ. ಡಾಂಬರು ರಸ್ತೆ ಮುಗಿದ ಮೇಲೆ ಮನೆವರೆಗೆ ಮಣ್ಣಿನ ದಾರಿ, ನಡುವೆ ಒಂದು ತೋಡು. ಪ್ರತಿ ಮಳೆಗಾಲ ನೀರು ಹರಿದು ಚಕ್ರ ಹೋಗುವ ಜಾಗ ಎರಡೂ ಕಡೆ ಕೊರೆದುಹೋಗುತ್ತೆ, ಮಧ್ಯದಲ್ಲಿ ಮುರಕಲ್ಲಿನ ದಿಣ್ಣೆ ಉಳಿಯುತ್ತೆ. ಮನೆಯಲ್ಲಿರುವುದು ಐದು ಬಾಗಿಲಿನ ಜಿಮ್ನಿ. ಅಡಿ ತಾಗುವ ಸದ್ದು ಕೇಳಿ ಕೇಳಿ ಬೇಜಾರಾಗಿ ಅವನು ಹೇಳಿದ: "ಎರಡು ಇಂಚು ಲಿಫ್ಟ್ ಮಾಡಿಸುವ ಮಾರಾಯ. ಅಪ್ಪ ದುಡ್ಡು ಕೊಡ್ತೇನೆ ಅಂದಿದ್ದಾರೆ. ಯಾವ ಕಿಟ್ ಒಳ್ಳೇದು ಹೇಳು, ನೀನು ಮೆಕ್ಯಾನಿಕಲ್ ಅಲ್ವಾ?"

ಅಲ್ಲೇ ಸಿಕ್ಕಿಬಿದ್ದೆ. ಅದೇ ಗಾಡಿಯಲ್ಲಿ ಅವನ ಅಮ್ಮ ದಿನಾ ಕಾರ್ಕಳಕ್ಕೆ ಕೆಲಸಕ್ಕೆ ಹೋಗ್ತಾರೆ. ಯಾವುದೋ ವಿಡಿಯೋ ನೋಡಿ ಒಂದು ಹೆಸರು ಹೇಳಿ ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಒಂದು ಭಾನುವಾರ ಅವರ ಅಂಗಳದಲ್ಲಿ ಗೋಣಿ ಹಾಸಿ ಇಬ್ಬರೂ ಗಾಡಿಯಡಿ ಮಲಗಿದೆವು. ಕೈಯಲ್ಲಿ ಟಾರ್ಚ್, ಟೇಪು, ಸೀಮೆಸುಣ್ಣ. ಗೀರು ಇದ್ದಲ್ಲೆಲ್ಲ ಗುರುತು ಹಾಕಿದೆವು. ಮುಂದಿನ ಬಂಪರ್‌ನಲ್ಲಿ ಒಂದೂ ಇಲ್ಲ. ಇದ್ದದ್ದು ಎರಡು ಕಡೆ: ಗಾಡಿಯ ಮಧ್ಯದ ಅಡ್ಡಪಟ್ಟಿಯಲ್ಲಿ, ಮತ್ತೆ ಹಿಂದಿನ ಡಿಫರೆನ್ಷಿಯಲ್‌ನ ತಳದಲ್ಲಿ.

ಕಿಟ್ ಆರಿಸುವ ಕೆಲಸ ಶುರುವಾಗಬೇಕಾದ್ದು ಇಲ್ಲಿಂದ. ಗೀರು ಎಲ್ಲಿದೆ ಎನ್ನುವುದರ ಮೇಲೆ ಮದ್ದು ಬೇರೆ ಬೇರೆ.

ಡಿಫರೆನ್ಷಿಯಲ್ ತಾಗಿದರೆ

ಸಸ್ಪೆನ್ಷನ್ ಲಿಫ್ಟ್ ಅಂದ್ರೆ ಆಕ್ಸಲ್‌ಗೂ ಚಾಸಿಗೂ ನಡುವಿನ ಅಂತರ ಹೆಚ್ಚಿಸುವುದು, ಅಷ್ಟೇ. ಜಿಮ್ನಿಗೆ ಮುಂದೆ ಹಿಂದೆ ಎರಡೂ ರಿಜಿಡ್ ಆಕ್ಸಲ್. ಡಿಫರೆನ್ಷಿಯಲ್ ಕೂತಿರುವುದು ಆಕ್ಸಲ್‌ನಲ್ಲೇ. ಸ್ಪ್ರಿಂಗ್ ಎಷ್ಟೇ ಉದ್ದ ಹಾಕಿ, ಆಕ್ಸಲ್ ಚಕ್ರದ ಮಧ್ಯದಲ್ಲೇ ಇರುತ್ತೆ, ಒಂದು ಮಿಮೀ ಕೂಡ ಮೇಲೇಳುವುದಿಲ್ಲ. 2020ರ ನಂತರದ ಥಾರ್‌ನಲ್ಲಿ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರುವುದರಿಂದ ಮುಂದಿನ ಡಿಫರೆನ್ಷಿಯಲ್ ಚಾಸಿ ಜೊತೆ ಏರುತ್ತೆ, ಹಿಂದಿನದ್ದು ಇದ್ದಲ್ಲೇ.

ಇದಕ್ಕೆ ಉಪಾಯ ಟೈರ್ ಒಂದೇ. ಜಿಮ್ನಿಯ ಕಂಪನಿ ಟೈರ್ 195/80 ಆರ್15, ವ್ಯಾಸ 693 ಮಿಮೀ. 215/75 ಹಾಕಿದರೆ 703.5. ಎತ್ತರಕ್ಕೆ ಸಿಗುವುದು ಇದರ ಅರ್ಧ, ಅಂದರೆ ಬರೀ 5 ಮಿಮೀ. 235/75 ಹಾಕಿದರೆ 733.5, ಸಿಗುವುದು 20 ಮಿಮೀ. ಆದರೆ ಆಗ ಮೀಟರ್ 80 ತೋರಿಸುವಲ್ಲಿ ನೀವು 85ರ ಹತ್ತಿರ ಓಡಿಸುತ್ತಿರುತ್ತೀರಿ, ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತೆ.

ಹೊಟ್ಟೆ ತಾಗಿದರೆ

ಲಿಫ್ಟ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ 2590 ಮಿಮೀ, ಬ್ರೇಕ್‌ಓವರ್ ಕೋನ 24 ಡಿಗ್ರಿ. ವೀಲ್‌ಬೇಸ್‌ನ ಅರ್ಧ 1295, ಕೋನದ ಅರ್ಧ 12. ಗುಣಿಸಿ ನೋಡಿ: 1295 × ಟ್ಯಾನ್ 12 ಅಂದರೆ ಸುಮಾರು 275 ಮಿಮೀ. ಇದಕ್ಕೆ 50 ಸೇರಿಸಿ ತಿರುಗಿ ಲೆಕ್ಕ ಹಾಕಿದರೆ ಕೋನ 28 ಡಿಗ್ರಿ ದಾಟುತ್ತೆ. ಟೈರಿನ ದುಂಡಗಿನ ಆಕಾರ ಬಿಟ್ಟ ಅಂದಾಜು ಲೆಕ್ಕ ಇದು, ಆದರೆ ತಮಾಷೆ ನೋಡಿ: ವಿದೇಶದ ಮೂರು ಬಾಗಿಲಿನ ಜಿಮ್ನಿಗೆ ವೀಲ್‌ಬೇಸ್ 2250, ಬ್ರೇಕ್‌ಓವರ್ 28 ಡಿಗ್ರಿ. ನಮ್ಮವರು ಹಿಂದಿನ ಸೀಟಿಗೋಸ್ಕರ ಉದ್ದ ಮಾಡಿ ಕಳೆದುಕೊಂಡದ್ದನ್ನು ಎರಡು ಇಂಚು ಲಿಫ್ಟ್ ವಾಪಸ್ ಕೊಡುತ್ತೆ.

ಬಂಪರ್‌ನಲ್ಲಿ ಗೀರು ಇದ್ದರೂ ಲಿಫ್ಟ್‌ನಿಂದ ಲಾಭ ಉಂಟು. ಆದರೆ ಜಿಮ್ನಿಗೆ ಮುಂದೆ 36, ಹಿಂದೆ 47 ಡಿಗ್ರಿ ಮೊದಲೇ ಇದೆ. ನಮ್ಮ ಊರಿನ ದಾರಿಗಳಿಗೆ ಧಾರಾಳ ಸಾಕು.

ಕಿಟ್ ಒಳಗೆ ಏನಿರಬೇಕು

ಅಗ್ಗದ್ದು ಸ್ಪೇಸರ್: ಸ್ಪ್ರಿಂಗ್ ಮೇಲೆ ಒಂದು ಬಿಲ್ಲೆ. ಎತ್ತರ ಸಿಗುತ್ತೆ, ಆದರೆ ಶಾಕ್ ಅಬ್ಸಾರ್ಬರ್ ಹಳೆಯ ಉದ್ದದ್ದೇ. ಚಕ್ರ ಗುಂಡಿಗೆ ಇಳಿಯುವಾಗ ಅದು ಬೇಗ ಕೊನೆ ಮುಟ್ಟಿ 'ಟಕ್' ಅನ್ನುತ್ತೆ, ಚಕ್ರ ಗಾಳಿಯಲ್ಲಿ ನೇತಾಡುತ್ತೆ. ಥಾರ್‌ನ ಮುಂಭಾಗದಂಥ ಡಬಲ್ ವಿಶ್‌ಬೋನ್‌ನಲ್ಲಿ ಇನ್ನೊಂದು ಮೋಸ ಉಂಟು. ಸ್ಪ್ರಿಂಗ್ ಚಕ್ರಕ್ಕಿಂತ ಒಳಗಡೆ ಕೂತಿರುವುದರಿಂದ ಮೋಷನ್ ರೇಶಿಯೋ 0.6 ಅಂತ ಇಟ್ಟುಕೊಂಡರೆ 25 ಮಿಮೀ ಬಿಲ್ಲೆ ಚಕ್ರದಲ್ಲಿ 40 ಮಿಮೀ ಮೀರಿ ಎತ್ತುತ್ತೆ. ಸಿವಿ ಜಾಯಿಂಟ್ ಅಷ್ಟು ಕೋನದಲ್ಲಿ ದಿನಾ ತಿರುಗಬೇಕು. ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಬಂದರೆ ಆಶ್ಚರ್ಯ ಇಲ್ಲ.

ಹಳೆ ಜೀಪು, ಜಿಪ್ಸಿಗಳಿಗೆ ಲೀಫ್ ಸ್ಪ್ರಿಂಗ್. ಅಲ್ಲಿ ಉದ್ದದ ಶ್ಯಾಕಲ್ ಹಾಕುವುದು ರೂಢಿ. 50 ಮಿಮೀ ಉದ್ದ ಮಾಡಿದರೆ ಆಕ್ಸಲ್ ಮೇಲೆ ಸಿಗುವುದು ಸುಮಾರು 25, ಯಾಕಂದ್ರೆ ಸ್ಪ್ರಿಂಗಿನ ಒಂದು ತುದಿ ಮಾತ್ರ ಎದ್ದಿದೆ.

ಸರಿಯಾದ ಕಿಟ್ ಅಂದ್ರೆ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರ್ ಒಟ್ಟಿಗೆ. ವೈಬ್ರೇಷನ್ಸ್ ಓದಿದವರಿಗೆ ನೆನಪಿರಬಹುದು, ಕ್ರಿಟಿಕಲ್ ಡ್ಯಾಂಪಿಂಗ್ ಸ್ಪ್ರಿಂಗ್ ರೇಟಿನ ವರ್ಗಮೂಲದ ಜೊತೆ ಏರುತ್ತೆ. ಸ್ಪ್ರಿಂಗ್ 30 ಶೇಕಡಾ ಗಟ್ಟಿಯಾದರೆ ಡ್ಯಾಂಪಿಂಗ್ 14 ಶೇಕಡಾ ಹೆಚ್ಚು ಬೇಕು. ಹಳೆ ಶಾಕ್ ಬಿಟ್ಟು ಸ್ಪ್ರಿಂಗ್ ಮಾತ್ರ ಬದಲಿಸಿದರೆ ಗಾಡಿ ದೋಣಿ ಹಾಗೆ ತೂಗಾಡುತ್ತೆ.

ಅಂಗಡಿಯವರು ಮೊದಲು ಕೇಳಬೇಕಾದ ಪ್ರಶ್ನೆ "ಎಷ್ಟು ಇಂಚು" ಅಂತ ಅಲ್ಲ, "ದಿನಾ ಎಷ್ಟು ಭಾರ" ಅಂತ. ಕಿಟ್‌ಗಳು ಹಗುರ, ಮಧ್ಯಮ, ಭಾರದ ಹೊರೆ ಅಂತ ಬೇರೆ ಬೇರೆ ಬರುತ್ತವೆ. ಉಕ್ಕಿನ ಬಂಪರ್, ವಿಂಚ್ ಹೊತ್ತ ಗಾಡಿಯ ಸ್ಪ್ರಿಂಗ್ ಖಾಲಿ ಗಾಡಿಗೆ ಹಾಕಿದರೆ ಮುರಕಲ್ಲಿನ ದಾರಿಯಲ್ಲಿ ಬೆನ್ನು ಹುಡಿಯಾಗುತ್ತೆ, ಚಕ್ರ ನೆಲ ಬಿಟ್ಟು ಹಾರುತ್ತೆ. ಇನ್ನೊಂದು ವಿಷಯ: ಗಟ್ಟಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಗಾಡಿ ಹೊರಬಹುದಾದ ತೂಕ ಹೆಚ್ಚಾಗುವುದಿಲ್ಲ. ಬ್ರೇಕು, ಆಕ್ಸಲ್ ಎಲ್ಲ ಹಳೆಯವೇ.

ಎತ್ತಿದ ಮೇಲೆ

ಜಿಮ್ನಿಯಲ್ಲಿ ಮುಂದಿನ ಆಕ್ಸಲ್ ಅನ್ನು ಎರಡು ಉದ್ದದ ಆರ್ಮ್‌ಗಳು ಹಿಡಿದಿವೆ. ಚಾಸಿ ಮೇಲೆದ್ದಾಗ ಆರ್ಮ್ ಓರೆಯಾಗಿ ಆಕ್ಸಲ್ ಅನ್ನೂ ತಿರುಗಿಸುತ್ತೆ. ಆರ್ಮ್ 800 ಮಿಮೀ ಅಂತ ಇಟ್ಟುಕೊಂಡರೆ 50 ಮಿಮೀ ಲಿಫ್ಟ್‌ಗೆ ಮೂರೂವರೆ ಡಿಗ್ರಿ. ಅಷ್ಟು ಕ್ಯಾಸ್ಟರ್ ಹೋಯಿತು. ಇರುವುದೇ ಕೆಲವು ಡಿಗ್ರಿ. ಪರಿಣಾಮ ಮನೆಯ ದಾರಿಯಲ್ಲಿ ಗೊತ್ತಾಗಲ್ಲ. ಉಡುಪಿಯಿಂದ ಕಾಪು ಕಡೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ 80ಕ್ಕೆ ಹೋಗುವಾಗ ಗೊತ್ತಾಗುತ್ತೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದೆ ಗಾಡಿ ಆಚೀಚೆ ಅಲೆಯುತ್ತೆ. ಹಾಗಾಗಿ ಕ್ಯಾಸ್ಟರ್ ಸರಿಮಾಡುವ ಬುಷ್ ಮತ್ತು ಉದ್ದ ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ ಕಿಟ್‌ನಲ್ಲಿ ಉಂಟಾ ಕೇಳಿ. ಬ್ರೇಕ್ ಹೋಸ್, ಎಬಿಎಸ್ ವೈರ್ ಚಕ್ರ ಪೂರ್ತಿ ಇಳಿದಾಗ ಬಿಗಿಯುತ್ತವಾ ನೋಡಿ. ಹೆಡ್‌ಲೈಟ್ ಮತ್ತೆ ಹೊಂದಿಸಿ, ಇಲ್ಲದಿದ್ದರೆ ಮಳೆಯ ರಾತ್ರಿ ಎದುರಿನವರ ಕಣ್ಣಿಗೇ ಹೊಡೆಯುತ್ತೆ.

ಮಗುಚುವ ಲೆಕ್ಕವೂ ಉಂಟು. ಎಡ-ಬಲ ಚಕ್ರಗಳ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡು ಪಟ್ಟಿನಿಂದ ಭಾಗಿಸಿ. ಅಂತರ 1.4 ಮೀಟರ್, ಎತ್ತರ 0.7 ಅಂತ ಇಟ್ಟುಕೊಂಡರೆ 1.0. ಆಕ್ಸಲ್ ಏರದ ಕಾರಣ 50 ಮಿಮೀ ಲಿಫ್ಟ್‌ಗೆ ಕೇಂದ್ರ 40 ಮಿಮೀ ಏರಿತು ಅನ್ನಿ, 0.95ಕ್ಕೆ ಇಳಿಯುತ್ತೆ. ಐದು ಶೇಕಡಾ ಸಣ್ಣದು ಅನ್ನಿಸಬಹುದು. ಹೆದ್ದಾರಿಯಲ್ಲಿ ಅಡ್ಡ ಬಂದ ದನ ತಪ್ಪಿಸಲು ತಟ್ಟನೆ ತಿರುಗಿಸುವಾಗ ಆ ಐದು ಶೇಕಡಾ ಬೇಕಾಗುತ್ತೆ.

ಮರಳಿಗೆ ಲಿಫ್ಟ್ ಬೇಡ

"ಕಾಪು ಬೀಚಲ್ಲಿ ಹೂತುಹೋಯ್ತು, ಲಿಫ್ಟ್ ಇಲ್ಲ ಅಲ್ವಾ, ಹಾಗೆ" ಅನ್ನುವವರಿದ್ದಾರೆ. ಮರಳಲ್ಲಿ ಹೂಳುವುದು ನೆಲದ ಮೇಲಿನ ಒತ್ತಡಕ್ಕೆ. ಟೈರಿನ ಗಾಳಿ 30ರಿಂದ 18 ಪಿಎಸ್ಐಗೆ ಇಳಿಸಿದರೆ ಟೈರ್ ಹರಡಿಕೊಂಡು ತೇಲಿದ ಹಾಗೆ ಹೋಗುತ್ತೆ. ಒಂದು ಪೈಸೆ ಖರ್ಚಿಲ್ಲ. ವಾಪಸ್ ರಸ್ತೆಗೆ ಬಂದಾಗ ತುಂಬಿಸಲು ಪಂಪ್ ಬೇಕು, ಅಷ್ಟೇ. ಆದರೆ ಬೀಚು ಕೈರಂಪಣಿ ಬಲೆ ಎಳೆಯುವವರ ಕೆಲಸದ ಜಾಗ, ನಮ್ಮ ಟೆಸ್ಟ್ ಟ್ರ್ಯಾಕ್ ಅಲ್ಲ. ಉಪ್ಪುಗಾಳಿಯ ಊರಲ್ಲಿ ಸ್ಪ್ರಿಂಗಿನ ಬಣ್ಣ ಒಂದು ಕಡೆ ಎದ್ದರೂ ತುಕ್ಕು ಅಲ್ಲಿಂದ ಒಳಹೊಕ್ಕುತ್ತೆ. ಅಡಿಭಾಗ ಸಿಹಿನೀರಲ್ಲಿ ತೊಳೆಯುವುದು ಮರೆಯಬೇಡಿ.

ಆರ್‌ಸಿ ಮತ್ತು ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ, ಅಂತ ಬಂತು. ಅಂಗಡಿಯವರು "ಏನಾಗಲ್ಲ ಸಾರ್" ಅಂದರೂ ಆರ್‌ಸಿಯಲ್ಲಿರುವುದು ನಿಮ್ಮ ಮನೆಯವರ ಹೆಸರು. ಹಾಕಿಸುವ ಮೊದಲು ಉಡುಪಿ ಆರ್‌ಟಿಓದಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರೆದು ಉತ್ತರ ಪಡೆಯಿರಿ. ಮುಚ್ಚಿಟ್ಟರೆ ಕ್ಲೇಮ್ ಸಮಯದಲ್ಲಿ ಅದೇ ನೆಪವಾಗುತ್ತೆ.

ಮಾಳದಲ್ಲಿ ಏನಾಯ್ತು

ಆ ಭಾನುವಾರ ಇನ್ನೊಂದು ಅಳತೆ ಮಾಡಿದೆವು. ಹಬ್‌ನ ಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ, ಮೊದಲು ಖಾಲಿ ಗಾಡಿ, ಆಮೇಲೆ ಅಡಿಕೆ ಗೋಣಿ ತುಂಬಿಸಿ. ಹಿಂದೆ ಸುಮಾರು ಐದು ಸೆಂಟಿಮೀಟರ್ ಕುಸಿಯಿತು. ಅವನಿಗೆ ಬೇಕಿದ್ದ ಎರಡು ಇಂಚು ಅದೇ! ಅವನ ಅಪ್ಪ ಟೇಪು ನೋಡಿ ನಕ್ಕರು. "ಹಾಗಾದ್ರೆ ಎರಡು ಸಲ ಹೊತ್ತರಾಯ್ತಲ್ಲ" ಅಂದರು.

ಈಗ ಮಳೆಗಾಲದಲ್ಲಿ ಗೋಣಿ ಎರಡು ಟ್ರಿಪ್‌ನಲ್ಲಿ ಹೋಗುತ್ತೆ. ಒಂದು ಚಕ್ರ ದಿಣ್ಣೆಯ ಮೇಲೆ ಹತ್ತಿಸಿ, ಕೊರಕಲನ್ನು ಗಾಡಿಯಡಿ ಬಿಟ್ಟುಕೊಂಡು ಓಡಿಸುವುದನ್ನು ಅಮ್ಮನೂ ಕಲಿತಿದ್ದಾರೆ. ಅಡ್ಡಪಟ್ಟಿಗೆ ಒಂದು ಉಕ್ಕಿನ ಸ್ಕಿಡ್ ಪ್ಲೇಟ್ ಬಂತು. ಪಿಕಾಸಿ ಹಿಡಿದು ದಿಣ್ಣೆಯ ತಲೆ ಕೆತ್ತಿದ್ದು ನಾವಿಬ್ಬರು, ಒಂದು ಮಧ್ಯಾಹ್ನದ ಕೆಲಸ. ದಾರಿ ಕೆತ್ತಲಾಗದ ಜಾಗ ಆಗಿದ್ದರೆ ನಾನೂ 40–50 ಮಿಮೀ ಪೂರ್ತಿ ಕಿಟ್ ಅಂತಲೇ ಹೇಳುತ್ತಿದ್ದೆ.

ಮೊನ್ನೆ ಮತ್ತೆ ಹೋದಾಗ ಗಾಡಿಯಡಿ ಇಣುಕಿದೆ. ಹಳೆಯ ಸೀಮೆಸುಣ್ಣದ ಗುರುತು ಮಾಸಿದೆ. ಹೊಸ ಗೀರು ಪ್ಲೇಟಿನ ಮೇಲೆ ಮಾತ್ರ.