ಬೇರಿಲ್ಲದ ಕೂದಲಿಗೆ ಮನೆಯ ಆರೈಕೆ

ಸಿರ್ಗಾಪುರ: ತಲೆಯಲ್ಲಿ ಬೆಳೆಯುವ ಕೂದಲಿಗೆ ಬುಡದಲ್ಲಿರುವ ಗ್ರಂಥಿಗಳು ದಿನವೂ ತುಸು ಜಿಡ್ಡನ್ನು ಒದಗಿಸಿ ಹೊಳಪು ಕೊಡುತ್ತವೆ. ಒಂದು ಎಳೆ ಉದುರಿದರೆ ಅಲ್ಲಿ ಇನ್ನೊಂದು ಹುಟ್ಟುತ್ತದೆ. ಮನುಷ್ಯರ ಕೂದಲಿನಿಂದಲೇ ಸಿದ್ಧವಾದ ವಿಗ್ಗಿಗೆ ಈ ಎರಡು ಅನುಕೂಲಗಳೂ ಇಲ್ಲ. ಅದು ಬೇರಿಲ್ಲದ ಕೂದಲು. ಒಮ್ಮೆ ಕೆಟ್ಟ ಎಳೆ ಮತ್ತೆ ಸರಿಹೋಗದು. ಸಾವಿರಾರು ರೂಪಾಯಿ ಕೊಟ್ಟು ತಂದ ವಿಗ್ಗು ಒಂದು ವರ್ಷ ಬಾಳುವುದೋ, ಎರಡೇ ತಿಂಗಳಲ್ಲಿ ಜಡೆಗಟ್ಟಿ ಮೂಲೆ ಸೇರುವುದೋ ಎಂಬುದು ಬಹುಮಟ್ಟಿಗೆ ಮನೆಯವರ ಕೈಯಲ್ಲಿದೆ.

ಸಿರ್ಗಾಪುರ, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಕಡೆಯ ಕುಟುಂಬಗಳಿಗೆ ಇದು ಅಲಂಕಾರದ ಮಾತಲ್ಲ. ಹೈದರಾಬಾದಿನ ಸರ್ಕಾರಿ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಯಂಥ ಕಡೆಗಳಲ್ಲಿ ಕಿಮೊಥೆರಪಿ ಆರಂಭಿಸಿದ ಹಲವರಿಗೆ ಎರಡು-ಮೂರು ವಾರಗಳಲ್ಲೇ ಕೂದಲು ಉದುರತೊಡಗುತ್ತದೆ. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಅದು ಸಾಮಾನ್ಯವಾಗಿ ಮರಳಿ ಬೆಳೆಯುತ್ತದೆ. ತೆಲುಗಿನಲ್ಲಿ ‘ಪೇನುಕೊರುಕುಡು’ ಎಂದು ಕರೆಯುವ ತೊಂದರೆ ಮಕ್ಕಳಲ್ಲೂ ಕಾಣಿಸಿಕೊಳ್ಳುತ್ತದೆ. ಹೆಸರಿನಲ್ಲಿ ಹೇನು ಇದ್ದರೂ ಅದಕ್ಕೆ ಹೇನು ಕಾರಣವಲ್ಲ, ಅದು ಅಂಟುರೋಗವೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲಿನ ಬುಡದ ಮೇಲೆ ತಿರುಗಿಬೀಳುವುದರಿಂದ ಅದು ಉಂಟಾಗುತ್ತದೆ.

ಕೂದಲು ಬರುವ ದಾರಿ

ತಿರುಮಲದ ಕಲ್ಯಾಣಕಟ್ಟೆಯಲ್ಲಿ ಭಕ್ತರು ಅರ್ಪಿಸಿದ ಮುಡಿಯನ್ನು ದೇವಸ್ಥಾನ ಹರಾಜಿನಲ್ಲಿ ಮಾರುತ್ತದೆ. ಮನೆಮನೆಗಳಲ್ಲಿ ಬಾಚಣಿಗೆಗೆ ಸಿಕ್ಕಿದ ಕೂದಲನ್ನು ಸುತ್ತಾಡುವ ವ್ಯಾಪಾರಿಗಳು ಕೊಳ್ಳುತ್ತಾರೆ. ಕರ್ನಾಟಕದಲ್ಲಿ ಈ ಉದ್ಯಮಕ್ಕೆ ಹೆಸರಾದ ಊರು ಭಾಗ್ಯನಗರ. ಹೈದರಾಬಾದಿಗೆ ಇರುವ ಇನ್ನೊಂದು ಹೆಸರಲ್ಲ, ಕೊಪ್ಪಳಕ್ಕೆ ಹೊಂದಿಕೊಂಡಿರುವ ಊರು. ಅಲ್ಲಿ ಕೂದಲನ್ನು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಕಟ್ಟು ಕಟ್ಟುತ್ತಾರೆ.

ಈ ಎರಡು ಬಗೆಯ ಕೂದಲಿನ ವ್ಯತ್ಯಾಸ ಕೊಳ್ಳುವವರಿಗೆ ತಿಳಿದಿರಬೇಕು. ಪ್ರತಿ ಎಳೆಯ ಮೇಲೂ ಮೀನಿನ ಹುರುಪೆಯಂಥ ಪದರಗಳು ಬುಡದಿಂದ ತುದಿಯ ಕಡೆಗೆ ಹಾಸಿರುತ್ತವೆ. ಒಂದೇ ತಲೆಯಿಂದ ಕಟ್ಟಾಗಿ ತೆಗೆದ ಕೂದಲಿನಲ್ಲಿ ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ಇರುತ್ತವೆ. ಬಾಚಣಿಗೆಯ ಕೂದಲಿನಲ್ಲಿ ಬುಡ-ತುದಿ ಬೆರೆತುಹೋಗಿ, ಹುರುಪೆಗೆ ಹುರುಪೆ ಸಿಕ್ಕಿಕೊಂಡು ಬೇಗ ಗಂಟಾಗುತ್ತದೆ. ಅಗ್ಗದ ವಿಗ್ಗುಗಳಲ್ಲಿ ಹುರುಪೆಯನ್ನು ಆಮ್ಲದಿಂದ ಕರಗಿಸಿ ಸಿಲಿಕೋನ್ ಲೇಪಿಸಿರುವುದುಂಟು. ಕೆಲವು ಸಲ ತೊಳೆದ ಮೇಲೆ ಆ ಹೊಳಪು ಮಾಯವಾಗುತ್ತದೆ.

ಕೊಳ್ಳುವಾಗ ಒಂದೆರಡು ಎಳೆಗಳನ್ನು ಕೇಳಿ ಪಡೆದು ಸುಟ್ಟು ನೋಡಬಹುದು. ನಿಜವಾದ ಕೂದಲು ಸುಟ್ಟ ಗರಿಯ ವಾಸನೆ ಬೀರಿ ಬೆರಳಿಗೆ ಪುಡಿಯಾಗುತ್ತದೆ. ಕೃತಕ ಎಳೆ ಕರಗಿ ಗಟ್ಟಿ ಮಣಿಯಂತಾಗುತ್ತದೆ. ‘ಮಾನವ ಕೂದಲು’ ಎಂದು ನಮೂದಿಸಿದ ರಸೀದಿಯನ್ನು ತಪ್ಪದೆ ಪಡೆಯಬೇಕು. ಮೋಸವಾದರೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಹೈದರಾಬಾದಿನಲ್ಲಿ ಕೊಂಡಿದ್ದರೂ ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶವಿದೆ.

ತೊಳೆಯುವ ಕ್ರಮ

ದಿನವೂ ತೊಡುವ ವಿಗ್ಗನ್ನು ಹತ್ತು ದಿನಕ್ಕೊಮ್ಮೆ, ಬೆವರು ಹೆಚ್ಚಿರುವ ಬೇಸಿಗೆಯಲ್ಲಿ ವಾರಕ್ಕೊಮ್ಮೆ ತೊಳೆದರೆ ಸಾಕು. ಒಣಗಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಮೊದಲು ತುದಿ, ಆಮೇಲೆ ನಡು, ಕೊನೆಗೆ ಬುಡ ಎಂಬ ಕ್ರಮದಲ್ಲಿ ಸಿಕ್ಕು ಬಿಡಿಸಬೇಕು. ಅಗಲವಾದ ಪಾತ್ರೆಯ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸೌಮ್ಯ ಶಾಂಪೂ ಬೆರೆಸಿ, ವಿಗ್ಗನ್ನು ಐದು ನಿಮಿಷ ನೆನೆಯಿಡಬೇಕು. ಬಟ್ಟೆಯಂತೆ ಉಜ್ಜುವುದಾಗಲಿ ಹಿಂಡುವುದಾಗಲಿ ಕೂಡದು. ಬೆರಳುಗಳನ್ನು ಬುಡದಿಂದ ತುದಿಗೆ ಮಾತ್ರ ಆಡಿಸಿ, ನೀರನ್ನೂ ಅದೇ ದಿಕ್ಕಿನಲ್ಲಿ ಸುರಿಯಬೇಕು. ಕಂಡೀಷನರನ್ನು ನಡುವಿನಿಂದ ತುದಿಯವರೆಗೆ ಮಾತ್ರ ಹಚ್ಚಬೇಕು. ಬುಡಕ್ಕೆ ತಾಗಿದರೆ ಕೂದಲನ್ನು ಜಾಲರಿಗೆ ಕಟ್ಟಿರುವ ಗಂಟುಗಳು ಸಡಿಲಗೊಳ್ಳುತ್ತವೆ.

ನಮ್ಮ ಕಡೆಯ ಹಿರಿಯರಿಗೆ ಪ್ರಿಯವಾದ ಸೀಗೆಪುಡಿ, ಕಡಲೆಹಿಟ್ಟು, ಕೊಬ್ಬರಿ ಎಣ್ಣೆಗಳು ಇಲ್ಲಿ ಸಲ್ಲವು. ಪುಡಿ ಜಾಲರಿಯಲ್ಲಿ ಸಿಕ್ಕಿಕೊಂಡು ತುರಿಕೆ ತರುತ್ತದೆ. ಎಣ್ಣೆ ಧೂಳನ್ನು ಹಿಡಿಯುತ್ತದೆ.

ನೀರಿನ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಗಡಸಾದ ಬೋರ್‌ವೆಲ್ ನೀರಿನ ಸುಣ್ಣದ ಲವಣಗಳು ಎಳೆಯ ಮೇಲೆ ಕುಳಿತು ಕೂದಲನ್ನು ಒರಟಾಗಿಸುತ್ತವೆ. ಸಂಗ್ರಹಿಸಿದ ಮಳೆನೀರಾಗಲಿ ಶುದ್ಧೀಕರಣ ಘಟಕದ ನೀರಾಗಲಿ ಇದ್ದರೆ, ಕೊನೆಯ ಸಲ ಜಾಲಿಸಲು ಅದರ ಒಂದು ಬಿಂದಿಗೆ ಮೀಸಲಿಡುವುದು ಲೇಸು.

ತೊಳೆದ ವಿಗ್ಗನ್ನು ಟವೆಲಿನ ನಡುವೆ ಇಟ್ಟು ಒತ್ತಿ ನೀರು ತೆಗೆದು, ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಒಣಗಿಸುವ ಸ್ಟ್ಯಾಂಡು ಇಲ್ಲದಿದ್ದರೆ ಬೋರಲು ಹಾಕಿದ ಚಿಕ್ಕ ಕೊಡಕ್ಕೆ ಒಣಬಟ್ಟೆ ಹೊದಿಸಿದರೂ ನಡೆಯುತ್ತದೆ. ಬಿಸಿಲು ಬಣ್ಣವನ್ನು ತಿನ್ನುತ್ತದೆ. ಒದ್ದೆಯಾಗಿರುವಾಗ ಬಾಚಿದರೆ ಎಳೆ ಹಿಗ್ಗಿ ತುಂಡಾಗುತ್ತದೆ.

ತೊಡುವವರ ನೆಮ್ಮದಿ

ವಿಗ್ಗು ತೊಟ್ಟು ಉರಿಯುವ ಒಲೆಯ ಮುಂದೆ ಬಗ್ಗಬಾರದು, ಮಲಗಲೂಬಾರದು. ಚಿಕಿತ್ಸೆಯಲ್ಲಿರುವವರ ನೆತ್ತಿ ಬಲು ಸೂಕ್ಷ್ಮ. ಒಳಗೆ ತೆಳುವಾದ ಹತ್ತಿಯ ಟೋಪಿ ಇದ್ದರೆ ಹಿತ. ಅದನ್ನು ದಿನವೂ ಒಗೆಯಬೇಕು. ಗುಳ್ಳೆ, ಗಾಯ, ಉರಿ ಕಂಡರೆ ವಿಗ್ಗು ತೆಗೆದಿಟ್ಟು ವೈದ್ಯರಿಗೆ ತೋರಿಸಬೇಕು. ರಾತ್ರಿ ಅದನ್ನು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಇಲಿ-ಜಿರಲೆ ಸುಳಿಯದ ಡಬ್ಬಿಯಲ್ಲಿಡಬೇಕು. ತೇವವಿರುವಾಗ ಡಬ್ಬಿ ಮುಚ್ಚಬಾರದು.

ಮಗು ವಿಗ್ಗು ತೊಟ್ಟು ಶಾಲೆಗೆ ಹೋಗುವುದಾದರೆ ಪಾಲಕರು ಮುಂಚಿತವಾಗಿ ಗುರುಗಳನ್ನು ಕಂಡು ವಿಷಯ ತಿಳಿಸುವುದು ಒಳ್ಳೆಯದು. ಶಿಕ್ಷಣ ಹಕ್ಕು ಕಾಯ್ದೆ, ೨೦೦೯ರ ೧೭ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ತರಗತಿಯಲ್ಲಿ ಎಲ್ಲರೆದುರು ವಿಗ್ಗು ತೆಗೆಸಿ ನಗೆಪಾಟಲು ಮಾಡುವುದನ್ನು ತಮಾಷೆಯೆಂದು ತಳ್ಳಿಹಾಕಲಾಗದು. ಉಳಿದ ಮಕ್ಕಳಿಗೆ ಈ ಮಾತನ್ನು ಕಲಿಸಬೇಕಾದುದು ಅವರವರ ಮನೆಯಲ್ಲಿ. ಇನ್ನು ಸೆಕೆಯಾದ ದಿನ ವಿಗ್ಗು ಬೇಡ, ಸ್ಕಾರ್ಫ್ ಸಾಕು ಎಂದು ಮಗುವೇ ಹೇಳಿದರೆ ಬಲವಂತ ಮಾಡದೆ ಹಾಗೆಯೇ ಕಳುಹಿಸುವುದು ಯೋಗ್ಯ. ವಿಗ್ಗು ಇರುವುದು ಮಗುವಿನ ನೆಮ್ಮದಿಗಾಗಿ, ನೋಡುವವರ ಸಮಾಧಾನಕ್ಕಲ್ಲ.