ಅಳಿಸಲಾಗದ ಮಾತು ಯಾರದು?

‘ತಂಗಿ, ಅದನ್ನ ತಗದಬಿಡವಾ. ಮುಂದಿನ ತಿಂಗಳ ಮಗಳ ಮದುವಿ ಐತಿ.’

ಹುನಗುಂದದ ಬಸ್ ನಿಲ್ದಾಣದಲ್ಲಿ ನೇಕಾರ ಕಾಕಾ ಹೀಗೆ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಅವರು ತೆಗೆಯಲು ಹೇಳುತ್ತಿದ್ದ ಪೋಸ್ಟ್ ಹಾಕಿದ್ದು ನಾನೇ. ಯಾರಿಂದಲೂ ತೆಗೆಯಲಾಗದ ಜಾಗ ಹುಡುಕಿ ಹುಡುಕಿ ಅಲ್ಲಿ ಹಾಕಿದ್ದೂ ನಾನೇ.

ನಾನು ಬಾಗಲಕೋಟೆಯಲ್ಲಿ ಬಿಸಿಎ ಮುಗಿಸಿ, ನವನಗರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವಳು. ಊರು ಇಳಕಲ್, ಅಪ್ಪ ನೇಕಾರ. ಕಾಲೇಜಿನ ಕೊನೆಯ ವರ್ಷ ಮೂವರು ಗೆಳತಿಯರು ಸೇರಿ ಸಾಮಾಜಿಕ ಜಾಲತಾಣವೊಂದರಲ್ಲಿ ಪುಟ ಶುರು ಮಾಡಿದ್ದೆವು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಹೇಗೆ ಜೋಡಿಸುತ್ತಾರೆ, ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದೆಂದು ಮಾರಿದರೆ ಗುರುತಿಸುವುದು ಹೇಗೆ ಎಂದೆಲ್ಲ ಬರೆಯುತ್ತಿದ್ದೆವು. ಜನ ಮೆಚ್ಚಿದರು. ಆಮೇಲೆ ಮಜೂರಿಯ ಬಗ್ಗೆ ಬರೆದೆವು. ಕಾಕಾ ತಮ್ಮ ಲೆಕ್ಕದ ಪುಸ್ತಕ ತೋರಿಸಿ, ಯಾವ ತಿಂಗಳು ಎಷ್ಟು ಬಾಕಿ ಉಳಿದಿದೆ ಎಂದು ಹೇಳಿದ್ದನ್ನು ಅವರ ಹೆಸರು, ಫೋಟೊ ಸಮೇತ ಹಾಕಿದೆವು.

ಒಂದೇ ವಾರದಲ್ಲಿ ಪುಟ ಮಾಯವಾಯಿತು. ಯಾರೋ ಗುಂಪಾಗಿ ರಿಪೋರ್ಟ್ ಮಾಡಿದ್ದರು ಎಂದು ನಮ್ಮ ಅನುಮಾನ. ‘ನಿಯಮ ಉಲ್ಲಂಘನೆ’ ಎಂಬ ಸಂದೇಶ ಬಂತು; ಯಾವ ನಿಯಮ ಎಂದು ಹೇಳಲಿಲ್ಲ. ಮೇಲ್ಮನವಿ ಕಳಿಸಿದರೆ ಯಂತ್ರ ಬರೆದಂಥ ಉತ್ತರ. ಅಪ್ಪ ನಕ್ಕು ಹೇಳಿದ: ‘ಮಂದಿ ಹೊಲದಾಗ ಗುಡಿಸಲಾ ಹಾಕಿದ್ರ, ಏಳು ಅಂದಾಗ ಏಳಬೇಕಲ್ಲವಾ.’

ಸ್ವಂತ ಹೊಲದ ಹುಡುಕಾಟ

ಅಪ್ಪನ ಮಾತು ನಮ್ಮ ಪುಟಕ್ಕಷ್ಟೇ ಅನ್ವಯಿಸುವುದಲ್ಲ. 2020ರಲ್ಲಿ ಮೊದಲು ಕನ್ನಡದಲ್ಲೇ ಆರಂಭವಾದ ಬೆಂಗಳೂರಿನ ‘ಕೂ’ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಅಲ್ಲಿ ಬರೆದಿದ್ದವರ ನೆಲೆಯೇ ಹೋಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಅಡಿ ಕೇಂದ್ರ ಸರ್ಕಾರ ಕೊಟ್ಟ ನಿರ್ಬಂಧದ ಆದೇಶಗಳನ್ನು ಟ್ವಿಟರ್ 2022ರಲ್ಲಿ ನಮ್ಮ ಹೈಕೋರ್ಟ್‌ನಲ್ಲೇ ಪ್ರಶ್ನಿಸಿತ್ತು. ಖಾತೆದಾರರಿಗೆ ನೋಟಿಸ್ ಕೊಡಬೇಕಿತ್ತು ಎನ್ನುವುದು ಅದರ ವಾದಗಳಲ್ಲೊಂದು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು. ಕಂಪನಿಗೆ ₹50 ಲಕ್ಷ ದಂಡವೂ ಬಿತ್ತು. ‘ಸಹಯೋಗ್’ ಪೋರ್ಟಲ್ ವಿರುದ್ಧ ಅದೇ ಕಂಪನಿ ಎಕ್ಸ್ ಎಂಬ ಹೆಸರಿನಲ್ಲಿ ಸಲ್ಲಿಸಿದ ಅರ್ಜಿಯೂ 2025ರ ಸೆಪ್ಟೆಂಬರ್‌ನಲ್ಲಿ ವಜಾ ಆಯಿತು. ಸರ್ಕಾರ ಒಂದು ಕಡೆ, ಕಂಪನಿ ಇನ್ನೊಂದು ಕಡೆ. ಬರೆದವರು ಎಲ್ಲಿ?

ನಮ್ಮ ಪುಟ ಹೋದ ಬೇಸರದಲ್ಲಿದ್ದಾಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಗೆಳತಿಯೊಬ್ಬಳು, ‘ಬ್ಲಾಕ್‌ಚೈನ್ ಮೇಲೆ ನಡೆಯುವ ಜಾಲತಾಣದಲ್ಲಿ ಹಾಕು. ಯಾರಪ್ಪ ಬಂದರೂ ಅಳಿಸಲಾಗದು’ ಎಂದಳು.

ಬ್ಲಾಕ್‌ಚೈನ್ ಎಂದರೇನು ಎಂದು ಜೂನಿಯರ್‌ಗಳು ಕೇಳಿದರೆ ನಾನು ನಮ್ಮ ಜಿಲ್ಲೆಯನ್ನೇ ತೋರಿಸುತ್ತೇನೆ. ಬಾದಾಮಿ ಕೋಟೆಯ ಬಂಡೆಯ ಮೇಲೆ ಒಂದನೇ ಪುಲಕೇಶಿ 543ರಲ್ಲಿ ಕೆತ್ತಿಸಿದ ಶಾಸನ ಇವತ್ತಿಗೂ ಇದೆ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿ ಬಸದಿಯಲ್ಲಿ 634ರ ರವಿಕೀರ್ತಿಯ ಶಾಸನ ಇಮ್ಮಡಿ ಪುಲಕೇಶಿಯನ್ನು ಹೊಗಳುತ್ತಲೇ ಇದೆ. ಇದು ಒಂದು ಗುಣ: ಕೆತ್ತಿದ್ದು ಉಳಿಯುತ್ತದೆ. ಇನ್ನೊಂದು ಗುಣಕ್ಕೆ ಕೂಡಲಸಂಗಮದ ಕಡೆ ನೋಡಬೇಕು. ವಚನಗಳು ಕಲ್ಲಿನ ಮೇಲಲ್ಲ, ಮನೆಮನೆಯ, ಮಠಮಠದ ತಾಳೆಗರಿಯಲ್ಲಿ ಹರಡಿ ಉಳಿದವು. ಒಂದು ಕಟ್ಟು ಹಾಳಾದರೆ ಇನ್ನೊಂದು ಕಡೆ ಪ್ರತಿ ಇರುತ್ತಿತ್ತು. ಅದಕ್ಕೇ ವಿಜಯಪುರದ ಫ.ಗು. ಹಳಕಟ್ಟಿಯವರು ಇಪ್ಪತ್ತನೇ ಶತಮಾನದಲ್ಲಿ ಅವನ್ನು ಹುಡುಕಿ ಅಚ್ಚು ಹಾಕಲು ಸಾಧ್ಯವಾಯಿತು.

ಬ್ಲಾಕ್‌ಚೈನ್‌ನಲ್ಲಿ ಈ ಎರಡೂ ಇವೆ. ಅದೊಂದು ಲೆಕ್ಕದ ಪುಸ್ತಕ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು ಇರುವುದರಿಂದ ನಡುವಿನ ಒಂದು ಪುಟ ತಿದ್ದಿದರೆ ಮುಂದಿನದ್ದೆಲ್ಲ ತಾಳೆಯಾಗುವುದಿಲ್ಲ. ಅದರ ಪ್ರತಿಗಳು ಬೇರೆ ಬೇರೆ ಕಡೆಯ ಅನೇಕ ಕಂಪ್ಯೂಟರ್‌ಗಳಲ್ಲಿ ಇರುತ್ತವೆ.

ಇದರ ಬೆಲೆ ತಿಳಿಯಲು ಚೀನಾದ ಒಂದು ಉದಾಹರಣೆ ಸಾಕು. 2018ರ ಏಪ್ರಿಲ್‌ನಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೊಬ್ಬಳು ಹಳೆಯ ಲೈಂಗಿಕ ದೌರ್ಜನ್ಯ ಪ್ರಕರಣದ ಮಾಹಿತಿ ಕೇಳಿದ್ದಕ್ಕೆ ತನ್ನ ಮೇಲೆ ಬಂದ ಒತ್ತಡವನ್ನು ಬಹಿರಂಗ ಪತ್ರದಲ್ಲಿ ಬರೆದಳು. ಅಲ್ಲಿನ ಜಾಲತಾಣಗಳಲ್ಲಿ ಪತ್ರ ಅಳಿಸಿಹೋಗುತ್ತಿತ್ತು. ಆಗ ಯಾರೋ ಅದನ್ನು ಇಥೀರಿಯಂ ಬ್ಲಾಕ್‌ಚೈನ್‌ನ ಒಂದು ವಹಿವಾಟಿನೊಳಗೆ ಸೇರಿಸಿಬಿಟ್ಟರು. ಅದು ಈಗಲೂ ಅಲ್ಲಿದೆ.

ಇದನ್ನು ಓದಿ ನಾನು ಉಬ್ಬಿಹೋದೆ. ಕಾಕಾರ ಬರಹವನ್ನೂ ಲೆಕ್ಕದ ಅಂಕಿಗಳನ್ನೂ ಹಾಗೇ ಹಾಕಿದೆ. ಅವರನ್ನು ಇನ್ನೊಮ್ಮೆ ಕೇಳಬೇಕೆಂದು ಹೊಳೆಯಲೇ ಇಲ್ಲ. ಮೊದಲೇ ಒಪ್ಪಿದ್ದಾರಲ್ಲ ಎಂದುಕೊಂಡೆ.

‘ನನ್ನ ಮಾತು ನಂದಲ್ಲೇನು?’

ಬಸ್ ನಿಲ್ದಾಣದಲ್ಲಿ ನಾನು, ‘ಕಾಕಾ, ಅದು ತೆಗಿಯಾಕ ಬರೂದಿಲ್ರಿ’ ಎಂದಾಗ ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾ ಹೇಳಿದ ಮಾತು ನಂದಲ್ಲೇನು ಹಂಗಾರ?’ ಎಂದರು. ಮದುವೆಗೆ ಅವರು ಮುಂಗಡ ಕೇಳಬೇಕಾದದ್ದು ಅದೇ ಸಾವುಕಾರರ ಬಳಿ.

ಅವತ್ತೇ ರೂಮಿಗೆ ಬಂದು ಪೋಸ್ಟನ್ನು ತಿದ್ದಿದೆ. ಪುಟ ಖಾಲಿ ಕಾಣಿಸಿತು. ಆದರೆ ಸರಪಳಿಯನ್ನು ನೇರವಾಗಿ ತೆರೆದು ನೋಡುವ ತಾಣದಲ್ಲಿ ಹಳೆಯ ಬರಹ, ಹೆಸರು, ಅಂಕಿ ಎಲ್ಲ ಇದ್ದಂತೆಯೇ ಇತ್ತು. ಫೋಟೊ ಮಾತ್ರ ಸರಪಳಿಯಲ್ಲಿರಲಿಲ್ಲ. ದೊಡ್ಡ ಕಡತಗಳನ್ನು ಅಲ್ಲಿ ಇಡುವುದು ದುಬಾರಿಯಾದ್ದರಿಂದ ಅದು ಬೇರೊಂದು ಸರ್ವರ್‌ನಲ್ಲಿತ್ತು. ಅದನ್ನು ನಡೆಸುವವರಿಗೆ ಪತ್ರ ಬರೆದೆ. ಮೂರನೇ ದಿನ ಯಾರೋ ಒಬ್ಬರು ಓದಿ, ತೆಗೆದುಹಾಕಿ, ಉತ್ತರವನ್ನೂ ಬರೆದರು. ಮನುಷ್ಯರ ಕೈ ಬೇಡವೆಂದು ಅಲ್ಲಿಗೆ ಹೋದವಳಿಗೆ ಕೊನೆಗೆ ನೆರವಾದದ್ದು ಮನುಷ್ಯರ ಕೈಯೇ.

‘ಯಾರ ಹಿಡಿತವೂ ಇಲ್ಲ’ ಎಂಬ ಮಾತೂ ಪೂರ್ತಿ ನಿಜವಲ್ಲ ಎಂದು ಆಮೇಲೆ ತಿಳಿಯಿತು. 2016ರಲ್ಲಿ ಆರಂಭವಾದ ‘ಸ್ಟೀಮಿಟ್’ ಈ ಬಗೆಯ ಜಾಲತಾಣಗಳಲ್ಲಿ ಹೆಸರಾಂತದ್ದು. ಅಲ್ಲಿ ಸರಪಳಿ ನಡೆಸುವ 20 ಪ್ರಮುಖರನ್ನು ಮತ ಹಾಕಿ ಆರಿಸುತ್ತಾರೆ. ಆದರೆ ತಲೆಗೊಂದು ಮತವಲ್ಲ, ನಾಣ್ಯ ಇದ್ದಷ್ಟು ತೂಕ. 2020ರಲ್ಲಿ ಜಸ್ಟಿನ್ ಸನ್ ಎಂಬ ಉದ್ಯಮಿ ಆ ಕಂಪನಿ ಕೊಂಡರು. ಕೆಲವು ವಿನಿಮಯ ಕೇಂದ್ರಗಳು ಗ್ರಾಹಕರು ಇಟ್ಟಿದ್ದ ನಾಣ್ಯಗಳಿಂದಲೇ ಅವರ ಪರ ಮತ ಹಾಕಿದವು; ಹಳೆಯ ಪ್ರಮುಖರು ಹೊರಬಿದ್ದರು. ಬಳಕೆದಾರರು ಮಾರ್ಚ್ 20ರಂದು ‘ಹೈವ್’ ಎಂಬ ಬೇರೆ ಸರಪಳಿ ಕಟ್ಟಿಕೊಂಡು ಹೊರನಡೆದರು. ಹೊಲ ಯಾರದೂ ಅಲ್ಲ ಎಂದುಕೊಂಡಲ್ಲೂ ಹಣವಂತ ಬಂದು ಬೇಲಿ ಹಾಕಬಹುದು. ಆದರೆ ಹೊರಡುವಾಗ ತಮ್ಮ ಬರಹದ ಪ್ರತಿ ಹೊತ್ತುಕೊಂಡು ಹೋಗುವ ಅವಕಾಶ ಅವರಿಗಿತ್ತು. ನಮ್ಮ ಪುಟಕ್ಕೆ ಅದೂ ಇರಲಿಲ್ಲ.

ದಾಖಲೆ ಬೇರೆ, ಪ್ರದರ್ಶನ ಬೇರೆ

ಹಾಗಾದರೆ ದಾರಿ ಯಾವುದು? ನನಗೆ ಬೆಳಕು ಕಂಡದ್ದು ನಮ್ಮ ಹೈಕೋರ್ಟ್‌ನ 2017ರ ಜನವರಿಯ ಒಂದು ಆದೇಶದಲ್ಲಿ. ತನ್ನ ಮಗಳ ಹೆಸರು ಹಳೆಯ ಪ್ರಕರಣವೊಂದರ ಆದೇಶದಲ್ಲಿದ್ದು, ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತದೆ, ಅವಳ ಬದುಕಿಗೆ ತೊಂದರೆಯಾಗುತ್ತದೆ ಎಂದು ತಂದೆಯೊಬ್ಬರು ಅರ್ಜಿ ಹಾಕಿದ್ದರು. ಹೊರಗಿನ ಹುಡುಕಾಟದಲ್ಲಿ ಆ ಹೆಸರು ಕಾಣದಂತೆ ಪ್ರಯತ್ನಿಸಬೇಕೆಂದು ನ್ಯಾಯಾಲಯ ಹೇಳಿತು. ಆದರೆ ಆದೇಶದ ದೃಢೀಕೃತ ಪ್ರತಿ ಕೇಳಿದರೆ ಅದರಲ್ಲಿ ಹೆಸರು ಇರುತ್ತದೆ ಎಂದೂ ಹೇಳಿತು. ಮರೆತುಹೋಗುವ ಹಕ್ಕಿನ ಬಗ್ಗೆ ಮಾತು ಬಂದಾಗಲೆಲ್ಲ ಈ ಆದೇಶದ ಪ್ರಸ್ತಾಪ ಬರುತ್ತದೆ.

ದಾಖಲೆ ಉಳಿಯಲಿ, ಆದರೆ ಅದನ್ನು ಎಲ್ಲರ ಮುಂದೆ ಹರಡುವುದು ಬೇರೆ ವಿಷಯ. ಬ್ಲಾಕ್‌ಚೈನ್ ಜಾಲತಾಣಗಳಲ್ಲೂ ಮೇಲ್ವಿಚಾರಣೆ ನಡೆಯುವುದು ಹೀಗೆಯೇ. ಕೆಳಗೆ ಸರಪಳಿ ಹಾಗೇ ಇರುತ್ತದೆ. ಮೇಲೆ ನಾವು ತೆರೆಯುವ ಆ್ಯಪ್ ಯಾವುದನ್ನು ತೋರಿಸಬೇಕು, ಯಾವುದನ್ನು ಮರೆಮಾಡಬೇಕು ಎಂದು ಆರಿಸುತ್ತದೆ. ಒಂದು ಆ್ಯಪ್ ಮರೆಮಾಡಿದ್ದನ್ನು ಇನ್ನೊಂದು ತೋರಿಸಬಹುದು. ಸಾವುಕಾರನ ವಿರುದ್ಧದ ಲೆಕ್ಕಕ್ಕೆ ಇದು ವರ. ಹುಡುಗಿಯೊಬ್ಬಳ ಖಾಸಗಿ ಚಿತ್ರಕ್ಕೆ ಇದೇ ಶಾಪ. ತಂತ್ರಜ್ಞಾನಕ್ಕೆ ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಟನ್ ಒತ್ತುವ ಮೊದಲು ನಮಗೆ ಗೊತ್ತಿರಬೇಕು.

ಪುಟ, ಪೋಸ್ಟ್ ಕಳೆದುಕೊಂಡ ಗೆಳೆಯ ಗೆಳತಿಯರಿಗೆ ಒಂದು ಮಾತು. 2021ರ ಐಟಿ ನಿಯಮಗಳ ಪ್ರಕಾರ ಜಾಲತಾಣಗಳು ದೂರು ಅಧಿಕಾರಿಯನ್ನು ಇಡಲೇಬೇಕು. ಅವರ ಉತ್ತರ ಸರಿ ಕಾಣದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ನಮ್ಮ ಪುಟ ಹೋದಾಗ ಇದು ನನಗೆ ಗೊತ್ತಿರಲಿಲ್ಲ. ಗಡುವು ಮುಗಿದ ಮೇಲೆ ತಿಳಿಯಿತು.

ಮದುವೆ ಆಯಿತು. ಆ ಪೋಸ್ಟ್ ಸಾವುಕಾರರ ಕಣ್ಣಿಗೆ ಬಿದ್ದಂತಿಲ್ಲ. ಕಾಕಾಗೆ ಕೆಲಸ ಇದೆ. ಆದರೆ ಆ ಬರಹ ಈಗಲೂ ಸರಪಳಿಯಲ್ಲಿದೆ, ಹುಡುಕಿದವರಿಗೆ ಸಿಗುತ್ತದೆ. ಅದು ನನ್ನ ಮೇಲಿನ ಋಣ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಈ ವರ್ಷದ ಲೆಕ್ಕದ ಪುಸ್ತಕ ಮುಂದಿಟ್ಟರು. ಅದನ್ನು ಪ್ರಕಟಿಸದೆ ಕಾಪಾಡುವ ಒಂದು ದಾರಿ ಇದೆ ಎಂದು ವಿವರಿಸಿದೆ. ಪುಟಗಳನ್ನು ಸ್ಕ್ಯಾನ್ ಮಾಡಿದರೆ ಆ ಕಡತಕ್ಕೆ ಬೆರಳಚ್ಚಿನಂಥ ಒಂದು ಸಂಕೇತ ಸಂಖ್ಯೆ ತೆಗೆಯಬಹುದು. ಅದರಿಂದ ಪುಸ್ತಕ ಓದಲು ಆಗದು. ಆದರೆ ನಾಳೆ ಯಾರಾದರೂ ‘ಇದು ಆಮೇಲೆ ಬರೆದದ್ದು’ ಎಂದರೆ, ಈ ದಿನವೇ ಈ ಲೆಕ್ಕ ಹೀಗೇ ಇತ್ತೆಂದು ತೋರಿಸಬಹುದು. ಸರಪಳಿಯಲ್ಲಿ ಆ ಸಂಖ್ಯೆಯಷ್ಟೇ ಇದ್ದರೆ ಸಾಕು. ಪುಸ್ತಕ, ಕಡತ ಎರಡೂ ಅವರ ಬಳಿಯೇ.

‘ತೆಗಿಯೂದು, ಬಿಡೂದು ನನ್ನ ಕೈಯಾಗ ಇರತೈತೇನು?’ ಎಂದು ಕೇಳಿದರು.

‘ಹೌದ್ರಿ ಕಾಕಾ.’

‘ಹಂಗಾರ ಮಾಡು’ ಎಂದು ಮಗ್ಗಕ್ಕೆ ಇಳಿದರು.