ಪಾಠಶಾಲೆಯಲ್ಲಿ ವಾರ್ತಾಲೇಖನ

ನಮ್ಮ ಶಾಲೆಗಳ ಭಾಷಾಪಾಠದಲ್ಲಿ ಪತ್ರಲೇಖನಕ್ಕೆ ಸ್ಥಾನವುಂಟು, ಪ್ರಬಂಧಕ್ಕೆ ಸ್ಥಾನವುಂಟು, ಗಾದೆಯ ವಿಸ್ತರಣೆಗೂ ಸ್ಥಾನವುಂಟು. ಆದರೆ ಶಾಲೆಯನ್ನು ಬಿಟ್ಟಮೇಲೆ ವಿದ್ಯಾರ್ಥಿಯು ಜೀವಮಾನವೆಲ್ಲ ದಿನಂಪ್ರತಿ ಓದಬೇಕಾಗಿ ಬರುವ ಬರಹವೆಂದರೆ ಸುದ್ದಿ. ಅದನ್ನು ಓದುವ ಕ್ರಮವನ್ನಾಗಲಿ ಬರೆಯುವ ಕ್ರಮವನ್ನಾಗಲಿ ಪ್ರತ್ಯೇಕವಾಗಿ ಕಲಿಸಬೇಕೆಂಬ ಯೋಚನೆ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಅಕ್ಷರ ಬಲ್ಲವನು ಸುದ್ದಿಯನ್ನೂ ಬಲ್ಲನೆಂಬುದೇ ಸಾಮಾನ್ಯವಾದ ಭಾವನೆ.

ಈ ಭಾವನೆ ಎಷ್ಟು ಅಪಾಯಕರವೆಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. 2018ರ ಮೇ ತಿಂಗಳಲ್ಲಿ, ಕೆಲಸವನ್ನರಸಿ ರಾಜಸ್ಥಾನದಿಂದ ಬೆಂಗಳೂರಿಗೆ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂಬ ಸಂಶಯದಿಂದ ಜನರು ಹೊಡೆದು ಕೊಂದರು. ಅದೇ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದೇ ಇನ್ನೊಂದು ದುರಂತ ನಡೆಯಿತು. ಹೈದರಾಬಾದಿನ ಕಡೆಯಿಂದ ಬಂದಿದ್ದ ಗೆಳೆಯರ ಗುಂಪಿನಲ್ಲೊಬ್ಬರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟುದೇ ನೆಪವಾಯಿತು. ವಾಟ್ಸಾಪಿನಲ್ಲಿ ಹರಡಿದ ಸುದ್ದಿ ಕಾರಿಗಿಂತ ಮುಂದೆ ಹೋಗಿ ನಿಂತಿತು. ಗುಂಪಿನಲ್ಲಿ ಒಬ್ಬನು ಪ್ರಾಣ ಕಳೆದುಕೊಂಡನು. ಮೊಬೈಲಿನಲ್ಲಿ ಆ ಸುದ್ದಿಯನ್ನು ಹರಡಿದವರನ್ನು ನಿರಕ್ಷರರೆಂದು ತಳ್ಳಿಹಾಕುವಂತಿಲ್ಲ. ಅವರಿಗೆ ಓದು ಬರುತ್ತಿದ್ದಿತು, ‘ಇದನ್ನು ಕಂಡವರಾರು?’ ಎಂದು ಕೇಳುವ ಅಭ್ಯಾಸವಿರಲಿಲ್ಲ.

ಆ ಅಭ್ಯಾಸವನ್ನು ತರಗತಿಯಲ್ಲಿ ಬೆಳೆಸಬಹುದೇ ಎಂಬುದು ಪ್ರಕೃತ ಲೇಖನದ ವಿಷಯ. ಕೇರಳದ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿಯೇ ಜಿಲ್ಲಾಧಿಕಾರಿಗಳಾಗಿದ್ದ ಮೀರ್ ಮೊಹಮ್ಮದ್ ಅಲಿಯವರು ‘ಸತ್ಯಮೇವ ಜಯತೇ’ ಎಂಬ ಹೆಸರಿನಿಂದ, ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠವನ್ನು ಸರಕಾರಿ ಶಾಲೆಗಳಲ್ಲಿ ನಡೆಯಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮಾಧ್ಯಮಿಕ ಶಾಲೆಯ ಮಕ್ಕಳ ಪೈಕಿ ಶೇಕಡ 80ಕ್ಕೂ ಹೆಚ್ಚು ಮಂದಿ, ಪ್ರಾಯೋಜಿತವೆಂದು ಸ್ಪಷ್ಟವಾಗಿ ನಮೂದಾಗಿದ್ದ ಜಾಹೀರಾತನ್ನು ನಿಜವಾದ ಸುದ್ದಿಯೆಂದೇ ಭಾವಿಸಿದರು. ಯಂತ್ರವನ್ನು ಚೆನ್ನಾಗಿ ಬಳಸಬಲ್ಲ ಮಕ್ಕಳೇ ಅವರು. ಬಳಸುವ ಜಾಣ್ಮೆ ಬೇರೆ, ವಿವೇಚಿಸುವ ಜಾಣ್ಮೆ ಬೇರೆ.

ಕನ್ನಡದ ಮಟ್ಟಿಗೆ ಹೇಳುವುದಾದರೆ, ಈ ವಿವೇಚನೆಯ ಬೀಜ ಮಗುವಿನ ಮಾತಿನಲ್ಲಿಯೇ ಇದೆ. ‘ನಾಳೆ ರಜ’ ಎನ್ನುವುದಕ್ಕೂ ‘ನಾಳೆ ರಜವಂತೆ’ ಎನ್ನುವುದಕ್ಕೂ ಇರುವ ಅಂತರವನ್ನು ಚಿಕ್ಕ ಮಗುವೂ ಅರಿಯುತ್ತದೆ. ತಾನು ಕಂಡುದಲ್ಲ, ಇನ್ನೊಬ್ಬರು ಹೇಳಿದ್ದು ಎಂಬ ಸೂಚನೆಯನ್ನು ‘ಅಂತೆ’ ಎಂಬ ಎರಡಕ್ಷರ ಹೊತ್ತಿರುತ್ತದೆ. ಉತ್ತರದ ಜಿಲ್ಲೆಗಳಲ್ಲಿ ಅದು ‘ಅಂತ’ ಎಂದಾಗುವುದುಂಟು, ಕೆಲಸ ಒಂದೇ. ಇಂಗ್ಲಿಷಿನಲ್ಲಿ ಇಷ್ಟು ಚಿಕ್ಕದಾಗಿ ಕ್ರಿಯಾಪದಕ್ಕೆ ಅಂಟಿಕೊಂಡು ಈ ಕೆಲಸವನ್ನು ಮಾಡುವ ಪ್ರತ್ಯಯವಿಲ್ಲ. ಇಂಥ ಸಾಧನ ಕೈಯಲ್ಲಿರುವ ಮಗು ಶಾಲೆಗೆ ಬಂದು ಗ್ರಾಂಥಿಕ ಭಾಷೆಯನ್ನು ಕಲಿಯುವಾಗ ಏನಾಗುತ್ತದೆ? ‘ಅಂತೆ’ ಆಡುಮಾತು, ಬರಹಕ್ಕೆ ತಕ್ಕದ್ದಲ್ಲ ಎಂದು ಉಪಾಧ್ಯಾಯರು ಅದನ್ನು ಕೆಂಪು ಶಾಯಿಯಿಂದ ಹೊಡೆದುಹಾಕುತ್ತಾರೆ. ‘ಕೆರೆ ಒಡೆಯಿತಂತೆ’ ಎಂದು ಬರೆದವನು ‘ಕೆರೆ ಒಡೆಯಿತು’ ಎಂದು ತಿದ್ದಿಕೊಳ್ಳುತ್ತಾನೆ. ಭಾಷೆ ಶುದ್ಧವಾಯಿತು, ಕೇಳಿದ ಮಾತು ಕಂಡ ಸತ್ಯವಾಗಿ ಹೋಯಿತು. ತಿದ್ದಿದವರಿಗೆ ಈ ನಷ್ಟ ತಿಳಿಯುವುದೇ ಇಲ್ಲ.

ಪತ್ರಿಕೆಯ ಭಾಷೆಯಲ್ಲಿ ಈ ‘ಅಂತೆ’ ವೇಷ ಮರೆಸಿಕೊಂಡು ಬರುತ್ತದೆ. ‘ಎಂದು ತಿಳಿದುಬಂದಿದೆ’, ‘ಎನ್ನಲಾಗಿದೆ’, ‘ಎಂದು ಹೇಳಲಾಗುತ್ತಿದೆ’ ಎಂಬ ಮುಕ್ತಾಯಗಳು ವಾಚಕರಿಗೆ ಚಿರಪರಿಚಿತ. ಯಾರಿಗೆ ತಿಳಿದುಬಂದಿತು? ಯಾರಿಂದ? ಕರ್ಮಣಿ ಪ್ರಯೋಗ ಕರ್ತೃವನ್ನು ನುಂಗಿಬಿಟ್ಟಿದೆ. ಕೆಲವು ವೇಳೆ ಇದಕ್ಕೆ ನ್ಯಾಯವಾದ ಕಾರಣವಿರುತ್ತದೆ. ಸುದ್ದಿ ಕೊಟ್ಟವನಿಗೆ ಅಪಾಯವಾದೀತೆಂದು ವರದಿಗಾರನು ಹೆಸರನ್ನು ಮುಚ್ಚಿಡಬೇಕಾಗಬಹುದು. ಹಲವು ವೇಳೆ ಅದು ಬರಿಯ ಸೋಮಾರಿತನ. ಆದುದರಿಂದ ಓದಿನ ಮೊದಲನೆಯ ಪಾಠ ಇಷ್ಟೇ ಆಗಬಹುದು: ಅಂದಿನ ವೃತ್ತಪತ್ರಿಕೆಯಿಂದ ಒಂದು ವರದಿಯನ್ನು ಕತ್ತರಿಸಿ ಹಲಗೆಯ ಮೇಲೆ ಅಂಟಿಸುವುದು, ವರದಿಗಾರನು ತಾನೇ ಕಂಡ ವಾಕ್ಯಗಳಿಗೆ ಒಂದು ಬಣ್ಣದ ಗೆರೆ, ಹೆಸರುಳ್ಳವರು ಹೇಳಿದ ವಾಕ್ಯಗಳಿಗೆ ಇನ್ನೊಂದು ಬಣ್ಣ, ಯಾರು ಹೇಳಿದರೆಂದು ಗೊತ್ತಾಗದ ವಾಕ್ಯಗಳಿಗೆ ಮತ್ತೊಂದು ಬಣ್ಣವನ್ನು ಮಕ್ಕಳಿಂದಲೇ ಎಳೆಯಿಸುವುದು. ಮೂರನೆಯ ಬಣ್ಣ ಎಷ್ಟು ಜಾಗವನ್ನು ಆಕ್ರಮಿಸಿತೆಂಬುದನ್ನು ಮಕ್ಕಳು ತಾವೇ ನೋಡುತ್ತಾರೆ. ಮೊಬೈಲಿಗೆ ಬಂದ ಸಂದೇಶವೊಂದನ್ನು ಹೀಗೆಯೇ ಬರೆದು ಅಂಟಿಸಿದರೆ, ಅದು ಪೂರ್ತಿಯಾಗಿ ಮೂರನೆಯ ಬಣ್ಣದಲ್ಲಿ ಮುಳುಗಿಹೋಗುವುದು ಅಪರೂಪವೇನಲ್ಲ.

ಬರೆಯುವ ಪಾಠಕ್ಕೆ ಬಂದರೆ ಅಡ್ಡಿ ಬೇರೆ ಬಗೆಯದು. ಪ್ರಬಂಧದ ಚಾಳಿ ಮಕ್ಕಳಿಗೆ ಗಾಢವಾಗಿ ಹತ್ತಿರುತ್ತದೆ. ಸ್ವಾತಂತ್ರ್ಯದಿನದ ವರದಿಯನ್ನು ಬರೆಯೆಂದರೆ, ‘ನಮ್ಮ ಶಾಲೆಯಲ್ಲಿ ಸ್ವಾತಂತ್ರ್ಯ ದಿನಾಚರಣೆಯನ್ನು ಬಹಳ ವಿಜೃಂಭಣೆಯಿಂದ ಆಚರಿಸಲಾಯಿತು’ ಎಂಬ ವಾಕ್ಯ ಯಾವ ಶಾಲೆಯಲ್ಲಾದರೂ ಸಿದ್ಧವಾಗಿ ಬರುತ್ತದೆ. ಮಳೆ ಬಂದು ಧ್ವಜ ನೆನೆದಿದ್ದರೂ ವಿಜೃಂಭಣೆ ತಪ್ಪುವುದಿಲ್ಲ. ಈ ವಾಕ್ಯವನ್ನು ಬಯ್ಯುವುದಕ್ಕಿಂತ ಪ್ರಶ್ನಿಸುವುದು ಮೇಲು. ಎಷ್ಟು ಗಂಟೆಗೆ? ಬಾವುಟ ಹಾರಿಸಿದವರು ಯಾರು? ಮಿಠಾಯಿ ಎಲ್ಲರಿಗೂ ಸಾಲಿತೇ? ಕೊನೆಯ ಸಾಲಿನವರಿಗೆ ಏನು ಸಿಕ್ಕಿತು? ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಸೂತ್ರದಂತೆ ಬಾಯಿಪಾಠ ಮಾಡಿಸುವ ಪದ್ಧತಿಯೂ ಉಂಟು. ಅದರಲ್ಲಿ ತಪ್ಪಿಲ್ಲ, ಆದರೆ ಮಿಠಾಯಿಯ ಪ್ರಶ್ನೆ ಕೇಳಿದಾಗ ಏಳುವಷ್ಟು ಕೈಗಳು ಸೂತ್ರಕ್ಕೆ ಏಳುವುದಿಲ್ಲ.

ಮುಖ್ಯಾಂಶ ಮೊದಲು, ವಿವರ ಆಮೇಲೆ ಎಂಬ ಕ್ರಮ ಪತ್ರಿಕೆಗಳಲ್ಲಿ ರೂಢಮೂಲವಾದುದು. ಜಾಗ ಸಾಲದಿದ್ದಾಗ ಕೆಳಗಿನಿಂದ ಕತ್ತರಿಸಿದರೂ ಅರ್ಥ ಕೆಡಬಾರದೆಂಬುದು ಅದರ ಉಪಯೋಗ. ಇಲ್ಲಿ ಕನ್ನಡದ ವಾಕ್ಯರಚನೆಯನ್ನು ಗಮನಿಸಬೇಕು. ನಮ್ಮ ಕ್ರಿಯಾಪದ ಕೊನೆಗೆ ಬರುವುದರಿಂದ, ಎಲ್ಲವನ್ನೂ ಮೊದಲ ವಾಕ್ಯಕ್ಕೆ ತುರುಕಿದರೆ ನಡೆದುದೇನೆಂಬುದು ಮೂವತ್ತು ಪದಗಳಾದ ಮೇಲೆ ತಿಳಿಯುತ್ತದೆ. ಮಕ್ಕಳಿಗೆ ಮೊದಲು ನಾಲ್ಕೈದು ಪದಗಳ ಒಂದು ವಾಕ್ಯವನ್ನು ಬರೆಯಿಸಿ, ಬಳಿಕ ಸ್ಥಳಕಾಲಗಳನ್ನು ಎರಡನೆಯ ವಾಕ್ಯಕ್ಕೆ ಇಳಿಸುವುದು ಯುಕ್ತ.

ಬರೆದುದು ಉಪಾಧ್ಯಾಯರ ಕಣ್ಣಿಗೆ ಮಾತ್ರ ಬೀಳುವುದಾದರೆ ಅದು ವರದಿಯಲ್ಲ, ಅಭ್ಯಾಸಪಾಠ. ಇದನ್ನು ಚೆನ್ನಾಗಿ ಅರಿತವರು ಫ್ರಾನ್ಸಿನ ಸೆಲೆಸ್ಟಿನ್ ಫ್ರೆನೆ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು ಶ್ವಾಸಕೋಶ ಕೆಟ್ಟಿದ್ದುದರಿಂದ ತರಗತಿಯಲ್ಲಿ ಬಹಳ ಹೊತ್ತು ಮಾತಾಡುವುದು ಅವರಿಗೆ ಕಷ್ಟವಾಗಿದ್ದಿತು. 1924ರ ಸುಮಾರಿಗೆ ಅವರು ತಮ್ಮ ಹಳ್ಳಿಯ ಶಾಲೆಗೆ ಚಿಕ್ಕ ಮುದ್ರಣಯಂತ್ರವೊಂದನ್ನು ತಂದು, ಮಕ್ಕಳು ಬರೆದುದನ್ನು ಮಕ್ಕಳಿಂದಲೇ ಮೊಳೆ ಜೋಡಿಸಿ ಅಚ್ಚುಮಾಡಿಸಿ, ಬೇರೆ ಶಾಲೆಗಳೊಡನೆ ವಿನಿಮಯ ಮಾಡಿಕೊಂಡರು. ಒಂದೊಂದೇ ಅಕ್ಷರವನ್ನು ಕೈಯಿಂದ ಆರಿಸಿ ಇಡಬೇಕಾದಾಗ ‘ವಿಜೃಂಭಣೆ’ಯಂಥ ಪದ ಬೇಕೇ ಎಂದು ಮಗು ಎರಡು ಸಲ ಯೋಚಿಸದೆ ಇರದು. ವಾರ್ಸಾ ನಗರದಲ್ಲಿ ಯಾನುಶ್ ಕೋರ್ಚಾಕ್ 1926ರಲ್ಲಿ ಆರಂಭಿಸಿದ ‘ಮಾವಿ ಪ್ಶೆಗ್ಲೋಂದ್’ ದೊಡ್ಡವರ ದಿನಪತ್ರಿಕೆಯೊಂದರ ವಾರದ ಪುರವಣಿಯಾಗಿ, ಮಕ್ಕಳ ಬರಹದಿಂದಲೇ ತುಂಬಿ, 1939ರ ಸೆಪ್ಟೆಂಬರಿನವರೆಗೆ ಹೊರಟಿತು. ದಿಲ್ಲಿಯ ಬೀದಿಮಕ್ಕಳು 2003ರಿಂದ ಹೊರಡಿಸಿಕೊಂಡು ಬಂದ ‘ಬಾಲಕ್‌ನಾಮಾ’ದಲ್ಲಿ, ಬರೆಯಲು ಬಾರದ ಮಕ್ಕಳು ಕಂಡುದನ್ನು ಬಾಯಲ್ಲಿ ಹೇಳುತ್ತಾರೆ, ಬರೆಯಬಲ್ಲವರು ಬರೆದುಕೊಳ್ಳುತ್ತಾರೆ. ಹೀಗೆ ಹೇಳುವವರಿಗೆ ‘ಬಾತೂನಿ’ ವರದಿಗಾರರೆಂದು, ಎಂದರೆ ಮಾತಾಳಿಗಳೆಂದು ಹೆಸರು. ಅಕ್ಷರಕ್ಕಿಂತ ಮೊದಲು ಸಾಕ್ಷ್ಯ ಎಂಬ ತತ್ತ್ವ ಅಲ್ಲಿ ತಾನಾಗಿಯೇ ನೆಲೆಗೊಂಡಿದೆ.

ನಮ್ಮ ಶಾಲೆಗಳಿಗೆ ಯಂತ್ರ ಬೇಕಿಲ್ಲ, ಗೋಡೆಪತ್ರಿಕೆ ಸಾಕು. ಅನೇಕ ಕಡೆ ಅದು ಈಗಲೂ ಉಂಟು, ಆದರೆ ಸುಭಾಷಿತ ಮತ್ತು ಚಿತ್ರಗಳಿಂದಲೇ ತುಂಬಿರುತ್ತದೆ. ಕೊಳವೆಬಾವಿ ಕೆಟ್ಟುದು, ಬಸ್ಸು ಬಾರದಿದ್ದುದು, ಬಿಸಿಯೂಟದ ಅಕ್ಕಿ ತಡವಾದುದು ಅಲ್ಲಿ ಕಾಣಿಸುವುದಿಲ್ಲ. ಕಾಣಿಸಿದರೆ ಮುಖ್ಯೋಪಾಧ್ಯಾಯರಿಗೆ ಮುಜುಗರವಾಗುವುದು ಸಹಜ. ಈ ಮುಜುಗರವನ್ನು ತಾಳಿಕೊಳ್ಳಲಾರದ ಶಾಲೆ ಈ ಪಾಠವನ್ನು ಆರಂಭಿಸದಿರುವುದೇ ಲೇಸೆಂಬುದು ಈ ಲೇಖಕನ ಅಭಿಪ್ರಾಯ. ಮಕ್ಕಳು ಸತ್ಯವನ್ನು ಬರೆದು ಬೈಸಿಕೊಂಡರೆ, ಅವರು ಕಲಿಯುವ ಪಾಠ ನಾವು ಉದ್ದೇಶಿಸಿದುದಕ್ಕೆ ವಿರುದ್ಧವಾದುದು.

ಮಿತಿಯೂ ಇರಬೇಕು. ಸಹಪಾಠಿಯ ಮನೆಯ ಕಷ್ಟ, ತಂದೆಯ ಕುಡಿತ, ಯಾರದೋ ಕಾಯಿಲೆ ಇವು ಗೋಡೆಗೆ ಏರತಕ್ಕವಲ್ಲ. ಸಂಕಷ್ಟದಲ್ಲಿರುವ ಅಥವಾ ಕಾನೂನಿನ ಕೈಗೆ ಸಿಕ್ಕಿದ ಮಗುವಿನ ಗುರುತನ್ನು ಪತ್ರಿಕೆಗಳು ಬಯಲುಮಾಡಬಾರದೆಂದು 2015ರ ಬಾಲನ್ಯಾಯ ಅಧಿನಿಯಮದ 74ನೆಯ ಪ್ರಕರಣ ವಿಧಿಸಿದೆ. ಏಳನೆಯ ತರಗತಿಯವರಿಗೆ ಇದನ್ನು ಸರಳವಾಗಿ ತಿಳಿಸಬಹುದು.

ತಪ್ಪಾದಾಗ ಹಾಳೆಯನ್ನು ಸದ್ದಿಲ್ಲದೆ ಕಿತ್ತುಹಾಕುವ ಪದ್ಧತಿಯನ್ನು ಮೊದಲ ದಿನದಿಂದಲೇ ನಿಷೇಧಿಸಬೇಕು. ತಪ್ಪು ವರದಿ ಇದ್ದ ಸ್ಥಳದಲ್ಲಿಯೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಬರೆದ ವಿದ್ಯಾರ್ಥಿಯ ಕೈಯಿಂದಲೇ ತಿದ್ದುಪಡಿ ಬರೆಯಿಸಿ, ಅದು ಒಂದು ವಾರ ಅಲ್ಲಿಯೇ ಇರುವಂತೆ ನೋಡಿಕೊಳ್ಳಬೇಕು. ಉಪಾಧ್ಯಾಯರು ಬರೆದುದು ತಪ್ಪಾದರೆ ಅವರಿಗೂ ಇದೇ ನಿಯಮ.